ರೈಟ್ ಅನ್ನದೆ ಹೊರಡದ ಕಾರು

ನಮ್ಮ ಮಾವನವರ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪಾಗಿತ್ತು. ಸರ್ಕಾರಿ ಬಸ್ಸಿನ ಡ್ರೈವರ್ ಕಿಟಕಿಯಲ್ಲಿ ನೌಕರಿ ಪೂರ್ತಿ ಬಿಸಿಲುಂಡ ಕೈ ಅದು. ನಿವೃತ್ತರಾದ ಮೇಲೆ ಕಾಶಿಗೆ ಹೋಗುತ್ತಾರೋ, ಪ್ಲಾಟು ಹಿಡಿಯುತ್ತಾರೋ ಎಂದು ನಾವು ಕಾಯುತ್ತಿದ್ದರೆ, ಆ ಕೈ ಒಂದು ಕೆಂಪು ಕಾರಿನ ಕೀಲಿ ತಂದಿತು.

ನೋಡಲು ಗಿಡ್ಡ ಕಾರು. ಹಿಂದೆ ಎರಡು ಸೈಲೆನ್ಸರ್, ಒಳಗೆ ಟರ್ಬೊ ಎಂಜಿನ್, ಸೀಟುಗಳಿಗೆ ಕೆಂಪು ದಾರದ ಹೊಲಿಗೆ. ಗಾಂಧಿ ಚೌಕದಲ್ಲಿ ನಿಲ್ಲಿಸಿದರೆ ಹುಡುಗರು ಸುತ್ತ ಮುತ್ತಿಕೊಳ್ಳುತ್ತಿದ್ದರು. "ಅಜ್ಜಾರ, ಮೊಮ್ಮಗನ ಗಾಡಿ ಏನ್ರಿ?" ಎಂದರೆ, "ನಂದ. ಮೊಮ್ಮಗ ಇನ್ನಾ ಹುಟ್ಟಿಲ್ಲ" ಎಂದು ನನ್ನ ಕಡೆ ಓರೆಗಣ್ಣಿನಿಂದ ನೋಡುತ್ತಿದ್ದರು.

ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನನ್ನ ಗಂಡ ಗೊಣಗಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ಜಿಂದಗಿ ಪೂರಾ ಮಂದಿನ್ನ ಹೊತಗೊಂಡು ನಿಧಾನ ಹೊಡದೇನಿ. ಸೈಕಲ್ ಮೋಟಾರದವ್ರೂ ನನ್ನ ಓವರ್‌ಟೇಕ್ ಮಾಡ್ಯಾರ. ಇನ್ನ ನನ್ನ ಪಾಳಿ."

ನಾನು ಘೋಣಸಗಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ದಿನಾ ಬೆಳಿಗ್ಗೆ ವಿಜಯಪುರದಿಂದ ಅಲ್ಲಿಗೆ ಬಿಡುವ ಕೆಲಸವನ್ನು ಮಾವನವರು ಕೇಳಿ ವಹಿಸಿಕೊಂಡರು. ಮೊದಲ ದಿನ ನಾನು ಕೂತು ಬಾಗಿಲು ಹಾಕಿದರೂ ಗಾಡಿ ಅಲುಗಲಿಲ್ಲ. ಎಂಜಿನ್ ಮಾತ್ರ ಗುರುಗುಡುತ್ತಿತ್ತು.

"ಯಾಕ್ರಿ ಮಾವಾರ?"

"ಕಂಡಕ್ಟರ್ ರೈಟ್ ಅನ್ನದ ನಾ ಗಾಡಿ ಎತ್ತಾಂವಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. "ನಗಬ್ಯಾಡ ಯವ್ವಾ. ರೈಟ್ ಅಂದ್ರ ಬರೇ ಹೋಗು ಅಂತಲ್ಲ. ಎಲ್ಲಾರೂ ಹತ್ಯಾರ, ಯಾರೂ ಕೆಳಗ ಉಳದಿಲ್ಲ ಅಂತ."

ಅಂದಿನಿಂದ ನಾನು ಕಂಡಕ್ಟರ್ ಆದೆ. ಭಾನುವಾರ ಖಾಲಿ ಮೈದಾನದಲ್ಲಿ ನನಗೂ ಗಾಡಿ ಹೊಡೆಯಲು ಕಲಿಸಿದರು. ತಿಕೋಟಾ ದಾಟಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಪಕ್ಕ ನೇರ ರಸ್ತೆ ಸಿಕ್ಕರೆ ಮಾವನವರು ಒಮ್ಮೆ ಎಕ್ಸಿಲರೇಟರ್ ಒತ್ತುತ್ತಿದ್ದರು. ಬೆನ್ನು ಸೀಟಿಗೆ ಅಂಟುತ್ತಿತ್ತು. ಅವರು ಗಂಟಲು ಬಿಚ್ಚಿ ನಗುತ್ತಿದ್ದರು. ಆದರೆ ಬಸ್ ಸ್ಟಾಪ್ ಕಂಡರೆ ಸಾಕು, ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಹಳೇ ಗುರುತಿನ ಅಜ್ಜಿಯರು ಕೈ ಮಾಡುತ್ತಿದ್ದರು. ಒಬ್ಬಾಕೆ ನಡು ಬಗ್ಗಿಸಿ ಹಿಂದಿನ ಸೀಟಿಗೆ ತೂರಿಕೊಳ್ಳುತ್ತ, "ಇದೇನ್ ಯಪ್ಪಾ, ಸರ್ಕಾರ ಇಷ್ಟ ಗಿಡ್ಡ ಬಸ್ ಬಿಟ್ಟೈತಿ?" ಎಂದಳು.

ಆಮೇಲೆ ಒಂದೊಂದೇ ಶುರುವಾಯಿತು. ಎಡಗಡೆಯಿಂದ ಬಂದ ಆಟೋಕ್ಕೆ ಕಾರು ಉಜ್ಜಿತು. ಅವರು ಆಟೋದವನನ್ನೇ ಬೈದರು. ಮತ್ತೊಂದು ದಿನ ಆಡಿನ ಮರಿಯೊಂದು ಕೂದಲೆಳೆಯಲ್ಲಿ ಉಳಿಯಿತು. ಅಂದಿನಿಂದ ರಸ್ತೆಯ ಎಡ ಅಂಚನ್ನು ಅವರ ಬದಲು ನಾನೇ ನೋಡತೊಡಗಿದೆ. ಬಾಯಿ ಬಿಟ್ಟು ಕೇಳುವ ಧೈರ್ಯ ಬರಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಶಾಲೆಯ ಹತ್ತಿರ ನನ್ನದೇ ತರಗತಿಯ ಹುಡುಗಿಯೊಬ್ಬಳು ರಸ್ತೆಯ ಎಡ ಅಂಚಿನಲ್ಲಿ ದಾಟಲು ನಿಂತಿದ್ದಳು. ನನಗೆ ದೂರದಿಂದಲೇ ಕಂಡಿದ್ದಳು. ಅವಳು ಹೆಜ್ಜೆ ಇಟ್ಟಳು, ಕಾರಿನ ವೇಗ ಇಳಿಯಲಿಲ್ಲ. ನಾನು ಚೀರಿದೆ. ಕಾರು ಅವಳ ಪಾಟಿಚೀಲಕ್ಕೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು.

"ಎಲ್ಲಿಂದ ಬಂತಬೇ ಈ ಕೂಸು?" ಎಂದರು ಮಾವನವರು. ಅಂದೇ ಸಂಜೆ ನಾನೇ ಅವರನ್ನು ಕಣ್ಣು ತೋರಿಸಲು ಕರೆದೊಯ್ದೆ.

ಪಕ್ಕದ ನೋಟ ಹೋಗಿದೆ, ಹೋದದ್ದು ತಿರುಗಿ ಬರುವುದಿಲ್ಲ, ಗಾಡಿ ಓಡಿಸುವುದನ್ನು ನಿಲ್ಲಿಸಬೇಕು ಎಂದು ಕಣ್ಣಿನ ಡಾಕ್ಟರು ಹೇಳಿದರು. ಮರುದಿನ ಬೆಳಿಗ್ಗೆ ನಾನು ಟಿಫಿನ್ ಡಬ್ಬಿ ಹಿಡಿದು ಹೊರಗೆ ಬಂದರೆ ಸ್ಟೀರಿಂಗ್ ಹಿಂದೆ ಕೂತಿದ್ದರು. ಎಂಜಿನ್ ಚಾಲೂ ಇತ್ತು.

ನಾನು ಪಕ್ಕದಲ್ಲಿ ಕೂತೆ. ಡಬ್ಬಿ ತೊಡೆಯ ಮೇಲಿಟ್ಟುಕೊಂಡೆ.

"ಹೊತ್ತಾಗಾಕತ್ತೈತಿ ಯವ್ವಾ. ರೈಟ್ ಅನ್ನು."

"ನಾ ಅನ್ನಂಗಿಲ್ರಿ ಮಾವಾರ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ನನ್ನ ಮಾತು ಮೀರಿ ಗಾಡಿ ಎತ್ತಬಹುದಿತ್ತು, ಸ್ಟೀರಿಂಗ್ ಅವರ ಕೈಯಲ್ಲೇ ಇತ್ತು. ಎತ್ತಲಿಲ್ಲ. ಎಂಜಿನ್ ಬಂದ್ ಮಾಡಿ ಇಳಿದರು. ಬಾನೆಟ್ ಮೇಲೆ ಕೈಯಾಡಿಸುತ್ತ ಸುತ್ತಿ ಬಂದು ನನ್ನ ಬಾಗಿಲು ತೆಗೆದರು. "ಸರಿ, ಆ ಕಡೆ ಹೋಗು. ನಾ ಕಲಿಸಿದ್ದು ನೆನಪೈತಿಲ್ಲೋ?"

ನಾನು ಕೀಲಿ ತಿರುವಿದೆ. ಎಡಗಡೆ ಕೂತ ಅವರು ಓಣಿಗೆಲ್ಲ ಕೇಳುವಂತೆ ಕೂಗಿದರು: "ರೈಟ್!"

ಆಮೇಲೆ ದಿನಾ ಹಾಗೆಯೇ. ನನ್ನ ಜೊತೆ ಬಂದು, ಶಾಲೆ ಬಿಡುವ ತನಕ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದರು. "ನನ್ನ ಗಾಡಿ ಬಸ್ ಮಾಡಿಬಿಟ್ಟೆಲ್ಲಬೇ" ಎಂದು ನನ್ನ ನಿಧಾನವನ್ನು ಹಂಗಿಸುತ್ತಿದ್ದರು. ಬಬಲೇಶ್ವರದಲ್ಲಿದ್ದ ಅವರ ತಂಗಿಯ ಮನೆಗೆ ಕರೆದೊಯ್ಯುವಾಗ ಒಮ್ಮೆ, ಅವರಿಗೆ ಖುಷಿಯಾಗಲಿ ಎಂದು ಖಾಲಿ ರಸ್ತೆಯಲ್ಲಿ ಒತ್ತಿದೆ. ಅವರು ನಗಲಿಲ್ಲ. ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದು, "ಸಾಕ ಯವ್ವಾ, ಅಂಜಿಕಿ ಬರತೈತಿ" ಎಂದರು. ನಾನು ವೇಗ ಇಳಿಸಿದೆ. ಒಂದು ಕೂಸನ್ನು ಉಳಿಸಿದೆ ಎನ್ನುತ್ತಾರೆ ನನ್ನ ಗಂಡ. ನಿಜ. ಆ ನಗುವನ್ನು ನಿಲ್ಲಿಸಿದವಳೂ ನಾನೇ.

ಹೋದ ಚಳಿಗಾಲದಲ್ಲಿ ಮಾವನವರು ಮಲಗಿದಲ್ಲೇ ಹೋದರು. ಕಡೆಯ ದರ್ಶನಕ್ಕೆ ಬಂದವರೆಲ್ಲ ಮುಖ ನೋಡಿದರು, ನಾನು ಆ ಕಪ್ಪು ಕೈ ನೋಡಿದೆ. ಕಿಟಕಿಯ ಬಿಸಿಲು ತಪ್ಪಿ ಅದೂ ಎಡಗೈಯಷ್ಟು ಬೆಳ್ಳಗಾಗಿತ್ತು.

ಕಾರು ಮಾರಲಿಲ್ಲ. ಈಗ ನಾನೊಬ್ಬಳೇ ಹೋಗುತ್ತೇನೆ. ಎಂಜಿನ್ ಚಾಲೂ ಮಾಡಿದ ಮೇಲೆ ಒಂದು ಗಳಿಗೆ ಹಾಗೇ ಕೂರುತ್ತೇನೆ. ರೈಟ್ ಎಂದು ನಾನೇ ಅಂದುಕೊಂಡು ಹೊರಡಬಹುದು. ಆದರೆ ಎಲ್ಲರೂ ಹತ್ತಿದ್ದಾರೆ, ಯಾರೂ ಕೆಳಗೆ ಉಳಿದಿಲ್ಲ ಎಂದು ಸುಳ್ಳು ಹೇಳಲು ಬಾಯಿ ಬರುವುದಿಲ್ಲ. ಸುಮ್ಮನೆ ಗೇರು ಹಾಕುತ್ತೇನೆ.