ಹನ್ನೆರಡನೆಯ ಕುರ್ಚಿ

ಆರ್ಜೆಲ್ಲಾ ಟಾಲಿವರ್ ಮೂವತ್ತೊಂದು ವರ್ಷದಿಂದ ನೆಬೋ ಬೆಟ್ಟದ ಚರ್ಚಿನಲ್ಲಿ ನಿಂತೇ ಇದ್ದವಳು. ಬಿಳಿ ಉಡುಪು, ಬಿಳಿ ಕೈಗವಸು. ಬಂದವರಿಗೆ ಜಾಗ ತೋರಿಸಿ ಕೂರಿಸುವುದು ಅವಳ ಸೇವೆ. ಮುಂದಿನ ಸಾಲಿನಲ್ಲಿ ಒಂದು ಜಾಗ ಖಾಲಿ ಉಳಿದರೂ ಅವಳಿಗೆ ತಡೆಯದು. ಪಾಸ್ಟರರ ಹೆಂಡತಿಯನ್ನೇ ಒತ್ತಿ ಕೂರಿಸಿದವಳು, ಇನ್ನು ಉಳಿದವರ ಪಾಡು ಕೇಳಬೇಕೆ?

"ಎಲ್ಲರನ್ನೂ ಕೂರಿಸ್ತೀಯ, ನೀನ್ಯಾವಾಗಮ್ಮ ಕೂರೋದು?" ಎಂದು ಮಗಳು ರೆನೀಟಾ ಛೇಡಿಸುತ್ತಿದ್ದಳು.

ಅಮೆರಿಕದ ಆರ್ಕನ್ಸಾ ರಾಜ್ಯದ ಆ ಹತ್ತಿ ಸೀಮೆಯಲ್ಲಿ ಕಮ್ಯುನಿಟಿ ಕಾಲೇಜು ಒಂಬತ್ತು ಮೈಲಿ ದೂರ, ಬಸ್ಸಿಲ್ಲ. ನಮ್ಮ ಕಪ್ಪು ಜನರ ಮಕ್ಕಳು ಸೇರುತ್ತಿದ್ದರು, ಎರಡು ತಿಂಗಳಲ್ಲಿ ಬಿಡುತ್ತಿದ್ದರು. ಪಾಸ್ಟರ್ ಗೇನ್ಸ್ ಕಾಲೇಜಿನಲ್ಲಿ ಪಟ್ಟು ಹಿಡಿದು ಕೂತು, ಮೇಷ್ಟ್ರನ್ನೇ ಚರ್ಚಿನ ನೆಲಮಾಳಿಗೆಗೆ ಕರೆತಂದರು. ವಾರಕ್ಕೆರಡು ಸಂಜೆ ಗಣಿತ ಪಾಠ. ಕಾಲೇಜಿನದು ಒಂದೇ ಷರತ್ತು: ಹನ್ನೆರಡು ಜನ ಇರಲೇಬೇಕು.

ಹನ್ನೆರಡನೆಯವಳು ರೆನೀಟಾ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನರ್ಸ್ ಆಗುತ್ತೇನೆಂದು ಹೊರಟು ಒಂದು ವರ್ಷ ಓದಿದವಳು, ಬೇಸಿಗೆ ರಜೆಯಲ್ಲಿ ಮೆದುಳಿನ ರಕ್ತನಾಳ ಒಡೆದು ಅಡುಗೆಮನೆಯಲ್ಲೇ ಬಿದ್ದು ತೀರಿಕೊಂಡಳು.

ಆರ್ಜೆಲ್ಲಾ ಅಳಲಿಲ್ಲ. ಸಾವಿನ ಮನೆಗೆಂದು ಜನ ತಂದುಕೊಟ್ಟ ಸಿಹಿಗೆಣಸಿನ ಪೈ ತಿಂಡಿಯ ತಟ್ಟೆಗಳನ್ನು ತೊಳೆದು, ಅವರವರಿಗೆ ಮರಳಿಸಿದಳು. ಭಾನುವಾರ ಗವಸು ತೊಟ್ಟು ಬಾಗಿಲಲ್ಲಿ ನಿಂತಳು. ಒಳಗೆ ಏನೂ ಇರಲಿಲ್ಲ. ದುಃಖವಾದರೂ ಬರಲಿ ಎಂದು ಕಾದಳು, ಅದೂ ಬರಲಿಲ್ಲ.

ಆಗಸ್ಟಿನ ಕೊನೆಯ ಭಾನುವಾರ ಓದುವವರನ್ನು ಮುಂದೆ ಕೂರಿಸಿ, ತಲೆಯ ಮೇಲೆ ಕೈಯಿಟ್ಟು ಹರಸುವ ಪದ್ಧತಿ. ಕಾಲೇಜಿನ ಮಿಸ್ ವಿಟ್ಲೋ ಅರ್ಜಿಗಳ ಸಮೇತ ಬಂದಿದ್ದಳು. ಸೇರಲು ಅಂದೇ ಕೊನೆಯ ದಿನ. ಬೆಳಿಗ್ಗೆಯೇ ಕುರ್ಚಿ ಹಾಕಿದ್ದವಳು ಆರ್ಜೆಲ್ಲಾ. ಹನ್ನೊಂದು ಜನ ಬಂದು ಕೂತರು. ಒಂದು ಖಾಲಿ ಉಳಿಯಿತು. ರೂಢಿಬಿದ್ದ ಕೈ ಹನ್ನೆರಡು ಹಾಕಿಬಿಟ್ಟಿತ್ತು.

ಅವಳ ಜೊತೆ ಬಾಗಿಲಲ್ಲಿ ನಿಲ್ಲುವ ಮುದುಕ ಕ್ಲೀವನ್ ಪಿಸುಗುಟ್ಟಿದ, "ಸಿಸ್ಟರ್, ಮೆಲ್ಲಗೆ ತೆಗೆದುಬಿಡ್ಲಾ?"

"ಮುಟ್ಬೇಡ."

"ಹನ್ನೊಂದಾದ್ರೆ ಪಾಠ ನಿಂತೇಹೋಗುತ್ತಂತೆ. ಆ ಮಿಸ್ಸಮ್ಮ ತಲೆ ಎಣಿಸ್ತಾ ಇದ್ದಾಳೆ ನೋಡು."

ಅವಳು ಎಂದಿನಂತೆ ಗವಸಿನ ಕೈ ಎತ್ತಿ ಹಿಂದಿನ ಸಾಲುಗಳಿಗೆ ಸನ್ನೆ ಮಾಡಿದಳು: ಬನ್ನಿ, ಜಾಗವಿದೆ. ಯಾರೂ ಏಳಲಿಲ್ಲ. ಅದು ಯಾರ ಕುರ್ಚಿಯೆಂದು ಎಲ್ಲರಿಗೂ ಗೊತ್ತಿತ್ತು. ಹಾಡು ಮುಗಿಯಿತು. ಪಾಸ್ಟರ್ ಮೊದಲನೆಯವನ ತಲೆಯ ಮೇಲೆ ಕೈಯಿಟ್ಟರು.

ಆರ್ಜೆಲ್ಲಾ ಗವಸು ಕಳಚಿ ಕ್ಲೀವನ್ ಕೈಗೆ ಕೊಟ್ಟಳು. "ಬಾಗಿಲು ನೋಡ್ಕೋ."

"ನೀನೆಲ್ಲಿಗೆ?"

"ಕೂರೋಕೆ."

ಮಂಡಿ ಹಿಡಿದುಕೊಂಡು ಕೂತಳು. ಕುರ್ಚಿ ತಣ್ಣಗಿತ್ತು. ಪಾಸ್ಟರ್ ಅವಳ ಮುಂದೆ ಬಂದರು.

"ಏನು ಓದ್ತೀರಿ, ಸಿಸ್ಟರ್?"

"ಗಣಿತ. ಅರವತ್ತೆರಡಾಯ್ತು ಪಾಸ್ಟರ್, ಮಗ್ಗಿ ಕೂಡ ಮರ್ತುಹೋಗಿದೆ. ಕೈ ಸ್ವಲ್ಪ ಒತ್ತಿ ಇಡಿ."

ಯಾರೋ ನಕ್ಕರು, ಯಾರೋ ಬಿಕ್ಕಿದರು. ಅವಳಿಗೆ ಎರಡೂ ಬರಲಿಲ್ಲ.

ಮಿಸ್ ವಿಟ್ಲೋ ಅರ್ಜಿ ಕೊಟ್ಟಳು. ಹೆಸರು, ವಿಳಾಸ, ವಯಸ್ಸು ಬರೆದದ್ದಾಯಿತು. ಕೊನೆಯ ಪ್ರಶ್ನೆ, ನಿಮ್ಮ ಮನೆಯಲ್ಲಿ ನಿಮಗಿಂತ ಮೊದಲು ಯಾರಾದರೂ ಕಾಲೇಜಿಗೆ ಹೋಗಿದ್ದಾರೆಯೇ? ಉಳಿದ ಹನ್ನೊಂದು ಜನವೂ ಇಲ್ಲವೆಂದು ಗುರುತು ಹಾಕಿದ್ದರು.

ಆರ್ಜೆಲ್ಲಾ "ಹೌದು" ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಬರೆದಳು: ನನ್ನ ಮಗಳು.