ನೇರ ದೃಷ್ಟಿ

ಹುಲ್ಲಹಳ್ಳಿಯ ಸೋಮಶೇಖರನಿಗೆ ವೈರ್‌ಲೆಸ್ ಹುಚ್ಚು ಹಿಡಿದದ್ದು ನಂಜನಗೂಡಿನ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ. ಮಾತು ಗಾಳಿಯಲ್ಲಿ ಹೋಗುತ್ತದೆಂದರೆ ಇಂಟರ್‌ನೆಟ್ಟು ಯಾಕೆ ಹೋಗಬಾರದು ಎಂದು ಪಕ್ಕದ ಸ್ಟೂಲಿನಲ್ಲಿದ್ದ ಗೆಳೆಯ ಮದನನ ತಲೆ ತಿಂದ. ದೊಡ್ಡ ಕಂಪನಿಗಳು ಹಳ್ಳಿ ಕಡೆ ತಲೆ ಹಾಕಿಯೂ ಮಲಗದ ಕಾಲ ಅದು. ಇಬ್ಬರೂ ಸೇರಿ ಊರೂರಿನ ತಾರಸಿಗಳ ಮೇಲೆ ಕಂಬ ನೆಟ್ಟು, ಕಂಬಕ್ಕೆ ಊಟದ ತಟ್ಟೆಯಷ್ಟಗಲದ ಡಿಶ್ ಕಟ್ಟಿ, ತಿ. ನರಸೀಪುರದವರೆಗೂ ನೆಟ್ ಕೊಟ್ಟರು. ಕೊರೋನಾದಲ್ಲಿ ಆ ಕಡೆಯ ಎಷ್ಟೋ ಮಕ್ಕಳು ಪಾಠ ಕೇಳಿದ್ದು ಇವರ ಡಿಶ್ಶಿನಿಂದಲೇ. ಆಗ ಇವರನ್ನು ಹಿಡಿಯುವವರೇ ಇರಲಿಲ್ಲ ಬಿಡಿ.

ಆಮೇಲೆ ದೊಡ್ಡವರ ಫೈಬರ್ ಬಂತು. ಗಿರಾಕಿಗಳು ಒಬ್ಬೊಬ್ಬರೇ ಕಳಚಿಕೊಂಡರು. ಆ ಫೈಬರ್ ಕಂಪನಿ ಮದನನನ್ನೂ ಕೆಲಸಕ್ಕೆ ಕರೆಯಿತು. ಸೋಮನನ್ನು ಬಿಟ್ಟು ಅವನು ಹೋಗಲಿಲ್ಲ. ಉಳಿದದ್ದು ಒಂದೇ ಆಸೆ, ನರಸೀಪುರದ ಪುಟ್ಟಬಸವಯ್ಯನವರು. ಹುಲ್ಲಹಳ್ಳಿ, ಬನ್ನೂರುಗಳಲ್ಲಿ ಅವರ ರೈಸ್ ಮಿಲ್ಲುಗಳಿದ್ದವು. ಕೂತಲ್ಲಿಂದಲೇ ಅಲ್ಲಿನ ಕ್ಯಾಮರಾ ನೋಡಬೇಕು, ಒಂದು ದಿನ ನಿಲ್ಲದಂತೆ ತೋರಿಸು, ಕೆಲಸವೆಲ್ಲ ನಿನಗೇ ಎಂದಿದ್ದರು. ಸಿಕ್ಕರೆ ಇವರಿಬ್ಬರ ಕಂಪನಿ ಉಳಿಯುತ್ತದೆ, ಇಲ್ಲವೆಂದರೆ ಬಾಗಿಲು ಹಾಕುವುದೇ.

ಹುಲ್ಲಹಳ್ಳಿ ಮಿಲ್ಲಿನ ಚಿತ್ರ ಹೊರಡಬೇಕಾದದ್ದು ಸೋಮನ ಮನೆಯ ತಾರಸಿಯ ಡಿಶ್ಶಿನಿಂದ. ತೋರಿಸಬೇಕಾದ ದಿನದ ಹಿಂದಿನ ಸಂಜೆ ಮದನ ತಾರಸಿ ಹತ್ತಿ ಅದನ್ನು ತಿರುಗಿಸುತ್ತಿದ್ದ. ಒಂದು ಡಿಶ್ಶಿಗೂ ಇನ್ನೊಂದಕ್ಕೂ ನಡುವೆ ಏನೂ ಅಡ್ಡ ಬರಬಾರದು. ಅದಕ್ಕೆ ಇವರಿಬ್ಬರೂ 'ದೃಷ್ಟಿ' ಅನ್ನುತ್ತಿದ್ದರು. ಬೇರೆ ಪದ ಸಿಗಲಿಲ್ಲವೇ ಪುಣ್ಯಾತ್ಮರಿಗೆ?

"ದೃಷ್ಟಿ ಸರಿಯಿಲ್ಲ ಕಣ್ಲಾ ಮದ, ದೃಷ್ಟಿ ಒಂದು ಸರಿಯೋದ್ರೆ ಗೆದ್ದಂಗೆ," ಎಂದು ಸೋಮ ಅಂಗಳದಿಂದ ಕೂಗುತ್ತಿದ್ದ. ಅವನ ತಾಯಿ ಗುರುಬಸಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು.

ಮಾರನೆಯ ದಿನ ಅಮಾವಾಸ್ಯೆ. ಸೋಮ ನರಸೀಪುರದಲ್ಲಿ ಪುಟ್ಟಬಸವಯ್ಯನವರ ಪಕ್ಕ ಕೂತಿದ್ದ. ಪರದೆಯ ಮೇಲೆ ಹುಲ್ಲಹಳ್ಳಿಯ ಮಿಲ್ಲು, ಮೂಟೆ ಹೊರುವವರು, ಗೇಟಿನಲ್ಲಿ ಮಲಗಿದ್ದ ನಾಯಿ ಕೂಡ ಕಾಣುತ್ತಿತ್ತು. ಯಜಮಾನರು ಖುಷಿಯಾಗಿ ಕಾಫಿ ತರಿಸಿದರು. ಲೋಟ ಬಾಯಿಗಿಡುವ ಹೊತ್ತಿಗೆ ಪರದೆ ಕಪ್ಪಾಯಿತು. ಮಧ್ಯಾಹ್ನವಾದರೂ ಚಿತ್ರ ಬರಲಿಲ್ಲ.

"ಬುಡಪ್ಪ, ಫೈಬರ್‌ನವ್ರಿಗೇ ಯೇಳ್ತೀನಿ," ಎಂದು ಅವರು ಎದ್ದರು.

ಸೋಮ ಅಲ್ಲೇ ನಿಂತು ನಂಜನಗೂಡಿನ ಆಫೀಸಿನಲ್ಲಿದ್ದ ಮದನನಿಗೆ ಫೋನು ಹಚ್ಚಿದ. "ನಿನ್ನೆ ಆ ಡಿಶ್ ಮುಟ್ಟಿದೋನು ನೀನೊಬ್ನೇ. ಫೈಬರ್‌ನವ್ರಿಗೆ ನಿನ್ನ ಮಾರ್ಕಂಡ್ಯಾ?"

"ಆಫೀಸ್ ಬೀಗದ ಕೈ ಪಕ್ಕದ ಅಂಗ್ಡೀಲಿ ಮಡಗಿರ್ತೀನಿ," ಎಂದು ಮದನ ಫೋನು ಇಟ್ಟ.

ಸೋಮ ಮನೆಗೆ ಬಂದು ತಾರಸಿ ಹತ್ತಿದರೆ, ಡಿಶ್ಶಿನ ಮುಖಕ್ಕೆ ಸರಿಯಾಗಿ ಒಂದು ಬೂದುಗುಂಬಳಕಾಯಿ ತೂಗುತ್ತಿತ್ತು. ಅರಿಶಿನ ಕುಂಕುಮ ಬೇರೆ. ಅಷ್ಟು ನೀರು ತುಂಬಿದ ಕಾಯನ್ನು ದಾಟಿ ಯಾವ ಸಿಗ್ನಲ್ ಹೋದೀತು?

ಅವ್ವ ಮಂಡಿ ಹಿಡಿದುಕೊಂಡು ಹಿಂದೆಯೇ ಮೆಟ್ಟಿಲು ಹತ್ತಿ ಬಂದಳು. "ಬೆಳಿಗ್ಗೆ ನಾನೇ ಕಟ್ದೆ ಕಣಪ್ಪ. ದೃಷ್ಟಿ ದೃಷ್ಟಿ ಅಂತ ಇಬ್ರೂ ಒದ್ದಾಡ್ತಿದ್ರಲ್ಲ, ಯಾರ ಕಣ್ಣು ಬಿತ್ತೋ ಅಂತ ಒಟ್ಟೆ ಉರೀತು." ಮಗನ ಮುಖ ಕಂಡು ಅಳುಕಿದಳು. "ಯಾಕ್ಲಾ, ಕಾಯಿ ಸಣ್ಣದಾಯ್ತಾ?"

ಸೋಮ ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಇಲ್ಲ ಕಣವ್ವ, ಸರಿಯಾಗೇ ಅದೆ," ಅಂದ.

ಬೆಳಗಾಗುತ್ತಲೇ ಮದನನ ಮನೆಗೆ ಹೋಗಿ, "ತಪ್ಪಾಯ್ತು ಕಣ್ಲಾ, ನಿಂದೇನೂ ಇಲ್ಲ," ಅಂದ.

"ಅಂಗಾರೆ ಏನಾಗಿತ್ತು, ಯೇಳು."

ಹೇಳಿದರೆ ಮುಗಿಯುತ್ತಿತ್ತು. ಆದರೆ ಇಂಥ ಮಾತು ಒಂದು ಮನೆಯಲ್ಲಿ ನಿಲ್ಲುತ್ತದೆಯೇ? ಊರೆಲ್ಲ ನಕ್ಕು, ಕೊನೆಗೆ ಅವ್ವನ ಕಿವಿಗೂ ಬೀಳುತ್ತಿತ್ತು. ಮಗನ ಅನ್ನಕ್ಕೆ ತಾನೇ ಕಲ್ಲು ಹಾಕಿದೆನೆಂದು ಗೊತ್ತಾದರೆ ಆ ಜೀವ ಉಳಿಯುತ್ತಿರಲಿಲ್ಲ.

"ಗೊತ್ತಿಲ್ಲ," ಅಂದ ಸೋಮ.

ಇನ್ನೂ ತನ್ನ ಮೇಲೇ ಅನುಮಾನವೆಂದುಕೊಂಡು ಮದನ ಎದ್ದು ಒಳಗೆ ಹೋದ.

ಕಂಪನಿ ಮುಚ್ಚಿತು. ಮದನ ಈಗ ಫೈಬರ್ ಕಂಪನಿಯಲ್ಲಿದ್ದಾನೆ. ಎದುರಾದರೆ ಬೈಕ್ ತಿರುಗಿಸುತ್ತಾನೆ. ಸೋಮ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತಾನೆ. ಗುರುಬಸಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಮಗ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು: "ಮದ ಈ ಕಡೆ ತಲೇನೇ ಆಕ್ನಿಲ್ವಲ್ಲ. ಒಡುಟ್ಟಿದೋನಂಗಿದ್ದ. ನೀನೇ ಏನೋ ಅಂದಿದ್ದೀಯ, ನಿನ್ ನಾಲ್ಗೆ ನಂಗೊತ್ತಿಲ್ವಾ?"

"ಊಂ ಕಣವ್ವ, ಅಂದ್ಬುಟ್ಟೆ," ಎನ್ನುತ್ತಾನೆ ಸೋಮ, ತಲೆ ಎತ್ತದೆ.