ಕಮಲಾಕ್ಷಿ ಮೇಡಂ ಮತ್ತು ಮೊಂಡು ತಂತಿ

ತಂತಿ ಕೊಳ್ಳಲು ಬಂದವರು ಬೆಲೆ ಕೇಳುತ್ತಾರೆ, ಕಂಪನಿ ಕೇಳುತ್ತಾರೆ. ಕಮಲಾಕ್ಷಿ ಮೇಡಂ ಏನನ್ನೂ ಕೇಳುತ್ತಿರಲಿಲ್ಲ. ಗೇಣುದ್ದದ ತುಂಡು ಕತ್ತರಿಸಿಕೊಂಡು, ಮೇಲಿನ ಪ್ಲಾಸ್ಟಿಕ್ ಸುಲಿಸಿ, ತಮ್ಮ ಕಿರುಬೆರಳಿಗೆ ಸುತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಬೇಲೂರು ಬಸ್ ಸ್ಟ್ಯಾಂಡಿನ ಹಿಂದಿರುವ ನನ್ನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಆಗ ಎಷ್ಟು ಜನ ಕಾದಿದ್ದರೂ ಯಾರೂ ಉಸಿರೆತ್ತುವಂತಿರಲಿಲ್ಲ. ಕೊನೆಗೆ ಕಣ್ಣು ಬಿಟ್ಟು ತೀರ್ಪು ಕೊಡುತ್ತಿದ್ದರು. "ಇದಲ್ಲ ಕಣೋ ಲೋಕೇಶ. ನನ್ನ ಬೆರಳನ್ನೇ ಹಿಡ್ಕೊಳ್ಳಲಿಲ್ಲ, ಇನ್ನು ಕೊಂಬೆ ಹಿಡ್ಕೊಳ್ಳತ್ತಾ?"

ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರು. ನಿವೃತ್ತಿಯಾದ ಮೇಲೆ ಗದರಿಸಲು ಶಾಲೆಯ ಮಕ್ಕಳಿಲ್ಲದೆ ಬೋನ್ಸಾಯ್ ಗಿಡಗಳನ್ನು ಸಾಕತೊಡಗಿದರು ಎಂದು ನಾವು ಹಳೆಯ ವಿದ್ಯಾರ್ಥಿಗಳು ಆಡಿಕೊಳ್ಳುತ್ತಿದ್ದೆವು. ಪ್ರಪಂಚವೆಲ್ಲ ದೇವಸ್ಥಾನದ ಶಿಲಾಬಾಲಿಕೆಯರ ಬಳುಕು ನೋಡಲು ನಮ್ಮೂರಿಗೆ ಬಂದರೆ, ಇವರು ಪಕ್ಕದ ಬೀದಿಯ ತಾರಸಿಯ ಮೇಲೆ ಕುಂಡದ ಗೇಣುದ್ದದ ಅತ್ತಿ, ಬಸರಿ, ಹುಣಸೆಗಳ ಕೊಂಬೆಗೆ ತಂತಿ ಸುತ್ತಿ ಬಳುಕಿಸುತ್ತ ಕೂತಿರುತ್ತಿದ್ದರು. ಒಮ್ಮೆ ಅರಸೀಕೆರೆ ಕಡೆಯ ನನ್ನ ಮಾವ, ಹುಟ್ಟಿದಾಗಿನಿಂದ ತೆಂಗಿನ ತೋಟದಲ್ಲೇ ಬೆಳೆದವರು, ಆ ಗಿಡಗಳನ್ನು ನೋಡಿ ಮರುಗಿಬಿಟ್ಟರು. "ಗೊಬ್ಬರ ಸಾಲ್ದಾಗೈತೆ ಕಣಮ್ಮ. ನಮ್ ತೋಟದ್ದು ಒಂದ್ ಮೂಟೆ ಕಳಿಸ್ಲಾ?"

"ಉದ್ದ ಬೆಳೆಯೋದು ಎಲ್ಲಕ್ಕೂ ಬರತ್ತೆ," ಎಂದರು ಮೇಡಂ. "ನಿಲ್ಲೋದು ಹೇಗೆ ಅಂತ ಇವಕ್ಕೆ ಕಲಿಸ್ತಾ ಇದೀನಿ."

ತಂತಿಯ ವಿಷಯದಲ್ಲಿ ಅವರದು ಬಲು ಮಡಿ. ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ, ಬೇಡ. ಎಳೆಎಳೆಯ ತಂತಿ ಬಗ್ಗಿದಲ್ಲಿ ನಿಲ್ಲುವುದಿಲ್ಲ, ಬೇಡ. ಒಂಟಿ ಎಳೆಯ ತಾಮ್ರ ಇಲ್ಲವೇ ಅಲ್ಯೂಮಿನಿಯಂ ಆಗಬೇಕು. ಅದೂ ಕೊಂಬೆಯ ದಪ್ಪದಲ್ಲಿ ಮೂರನೇ ಒಂದು ಭಾಗ. ತೆಳುವಾದರೆ ಕೊಂಬೆ ಗೆಲ್ಲುತ್ತದೆ, ದಪ್ಪವಾದರೆ ತಂತಿ ಗೆಲ್ಲುತ್ತದೆ, ಯಾರೂ ಗೆಲ್ಲಬಾರದು ಎನ್ನುತ್ತಿದ್ದರು. ಬೋನ್ಸಾಯ್ ತಂತಿಯೆಂದೇ ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಿಕೊಡುತ್ತೇನೆ ಎಂದರೆ, "ಬಗ್ಗಿಸಿ ನೋಡದೆ ತಂತಿ ತಗೊಳ್ಳೋದೂ ಒಂದೇ, ಮುಟ್ಟಿ ನೋಡದೆ ಬದನೆಕಾಯಿ ತಗೊಳ್ಳೋದೂ ಒಂದೇ" ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಅವರ ತಂಗಿಯ ಮನೆ. ಅಲ್ಲಿ ಒಮ್ಮೆ ಲೈನ್‌ಮನ್ ಒಬ್ಬ ಕಂಬ ಹತ್ತಿ ಹಳೆಯ ಸರ್ವಿಸ್ ವೈರ್ ಬದಲಾಯಿಸುತ್ತಿದ್ದನಂತೆ. ಮೇಡಂ ಕಂಬದ ಬುಡದಲ್ಲಿ ಸೆರಗೊಡ್ಡಿ ನಿಂತುಬಿಟ್ಟರು. "ಏನಮ್ಮಾ, ಮ್ಯಾಲಿಂದ ತೆಂಗಿನಕಾಯಿ ಬೀಳ್ತೈತೆ ಅನ್ಕಂಡ್ರಾ?" ಎಂದನಂತೆ ಅವನು. ಆ ವೈರಿನ ಒಳಗಿನ ಅಲ್ಯೂಮಿನಿಯಂ ಗಾಳಿ ಬಿಸಿಲಿಗೆ ಹದವಾಗಿದೆಯೆಂದು ಇವರ ನಂಬಿಕೆ. ಸುರುಳಿಯನ್ನು ಕೊರಳಿಗೆ ಹಾಕಿಕೊಂಡು, ಸನ್ಮಾನ ಮುಗಿಸಿಕೊಂಡು ಬಂದವರ ಹಾಗೆ, ಬೇಲೂರು ಬಸ್ಸಿನಿಂದ ನೇರ ನನ್ನ ಅಂಗಡಿಗೇ ಬಂದಿಳಿದರು. ಪ್ಲಾಸ್ಟಿಕ್ ಸುಲಿಯುವ ಬಿಟ್ಟಿ ಕೆಲಸ ನನ್ನದು.

ಅವರ ಗಿಡಗಳಲ್ಲೆಲ್ಲ ಮುದ್ದಿನದು ಹಳೆಯ ಬಾವಿಯ ಗೋಡೆ ಬಿರುಕಿನಿಂದ ಕಿತ್ತು ತಂದ ಒಂದು ಬಸರಿ. ಅದರ ಒಂದು ಕೊಂಬೆ ಮಾತ್ರ, ಹಾಜರಿ ಕೂಗಿದಾಗ ಕೈಯೆತ್ತಿದ ಹುಡುಗನಂತೆ, ನೆಟ್ಟಗೆ ಮೇಲಕ್ಕೇ ಹೋಗುತ್ತಿತ್ತು. ಬಲಿತುಬಿಟ್ಟರೆ ಮತ್ತೆ ಬಗ್ಗುವುದಿಲ್ಲ. ಈ ವರ್ಷವೇ ಇಳಿಸಬೇಕು ಎಂದು ಮೇಡಂ ಹಟ ಹಿಡಿದರು. ಆದರೆ ಅಂಗಡಿಗೆ ಬಂದಾಗಲೆಲ್ಲ ಹಿಂದಿನ ಸಲಕ್ಕಿಂತ ತೆಳುವಾದ ತಂತಿಯನ್ನೇ ಆರಿಸುತ್ತಿದ್ದರು. ಸುತ್ತಿದ ವಾರಕ್ಕೆ ಕೊಂಬೆ ಮತ್ತೆ ಕೈಯೆತ್ತುತ್ತಿತ್ತು. "ಈಗಿನ ತಂತಿಗಳು ಬಲು ಮೊಂಡು ಕಣೋ. ಬಗ್ಗೋದೇ ಇಲ್ಲ," ಎಂದು ದೂರುತ್ತಿದ್ದರು.

ತಂತಿಗಳು ಮೊದಲಿನಂತೆಯೇ ಇದ್ದವು. ಅವರ ಬೆರಳ ಗಂಟುಗಳು ಊದಿಕೊಂಡಿದ್ದವು. ಕಿರುಬೆರಳಿಗೆ ಒಂದು ಸುತ್ತು ಹಾಕುವಷ್ಟರಲ್ಲಿ ಅವರ ತುಟಿ ಬಿಗಿಯುತ್ತಿದ್ದುದನ್ನು ನಾನು ನೋಡುತ್ತಿದ್ದೆ. ನಾನು ಸುತ್ತಿಕೊಡುತ್ತೇನೆ ಎನ್ನುವಂತಿರಲಿಲ್ಲ. ಆ ಗಿಡಗಳಿಗೆ ನೀರು ಹಾಕಲು ಸ್ವಂತ ಸೊಸೆಗೇ ಪರವಾನಗಿ ಇರಲಿಲ್ಲ.

ನನಗೊಂದು ಉಪಾಯ ಹೊಳೆಯಿತು. ದಪ್ಪ ತಾಮ್ರದ ತಂತಿಯನ್ನು ಒಲೆಯ ಮೇಲೆ ಕೆಂಪಗೆ ಕಾಸಿ, ಆರಿಸಿ, ಉಜ್ಜಿ ಇಟ್ಟುಕೊಂಡು, "ಹೊಸ ಮಾಲು ಮೇಡಂ, ಮೃದು" ಎಂದು ಮುಂದಿಟ್ಟೆ. ಬೆರಳಿಗೆ ಸುತ್ತಿದರು. ಸರಾಗವಾಗಿ ಬಗ್ಗಿತು. ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡಿದರು.

"ಕಾಸಿದೀಯ ಅಲ್ವೇನೋ? ತಾಮ್ರ ಕಾಸಿದ್ರೆ ಮೆತ್ತಗಾಗತ್ತೆ ಅಂತ ನಿನಗೆ ಪಾಠ ಮಾಡಿದ್ದು ಯಾರು?"

"ನೀವೇ ಮೇಡಂ."

"ಮೆತ್ತಗಿರೋದು ಕೊಡು ಅಂತ ನಾನು ಕೇಳಿದ್ನಾ?"

ತಂತಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೊರಟುಹೋದರು. ಆಮೇಲೆ ಅಂಗಡಿ ಕಡೆ ತಲೆ ಹಾಕಲಿಲ್ಲ. ಅವರಿಲ್ಲದೆ ವ್ಯಾಪಾರಕ್ಕೇನೂ ನಷ್ಟವಿರಲಿಲ್ಲ, ನನಗೇ ಬೇಸರವಾಗಿತ್ತು. ಒಂದು ದಿನ ಫೋನು ಬಂತು. "ಭಾನುವಾರ ಮನೆಗೆ ಬಾ. ದಪ್ಪದ್ದೇ ತಗೊಂಡು ಬಾ. ಕಾಸಬೇಡ."

ತಾರಸಿಯ ಮೇಲೆ ಬಸರಿಯನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ನಾನು ಒಯ್ದಿದ್ದ ಮೂರು ತುಂಡುಗಳನ್ನು ಕೊಂಬೆಯ ಪಕ್ಕ ಹಿಡಿದು ಹಿಡಿದು ನೋಡಿ, ಎಲ್ಲಕ್ಕಿಂತ ದಪ್ಪದ್ದನ್ನು ಆರಿಸಿದರು. ಅದೇ ಸರಿಯಾದ ತಂತಿ. ಅದನ್ನು ಬಗ್ಗಿಸಲು ತಮ್ಮಿಂದ ಆಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದು ನನ್ನತ್ತ ಚಾಚಿದರು.

"ನೀನು ಸುತ್ತು."

ನನ್ನ ಕಣ್ಣು ತುಂಬಿ ಬಂತು. ಅದನ್ನು ಅನುಭವಿಸಲೂ ಬಿಡಲಿಲ್ಲ. "ಬಳೆ ತೊಡಿಸೋ ಹಾಗೆ ಸುತ್ತೋ. ಏನು ಎಮ್ಮೆ ಕಟ್ತಾ ಇದೀಯಾ?" ಎಂದು ಶುರುವಾಯಿತು. ಅವರು ಬೈದರು, ನಾನು ಸುತ್ತಿದೆ. ನನ್ನ ಕೈಯ ಮೇಲೆ ಅವರ ಕೈಯಿಟ್ಟು, ಎಲ್ಲಿ ಲಟಕ್ಕೆನ್ನುವುದೋ ಎಂದು ಇಬ್ಬರೂ ಕಿವಿಗೊಟ್ಟು, ಕೊಂಬೆಯನ್ನು ಮೆಲ್ಲಗೆ ಇಳಿಸಿದೆವು. ಮುರಿಯಲಿಲ್ಲ.

ಆ ತಂತಿ ತೆಗೆಯುವ ಹೊತ್ತಿಗೆ ಮೇಡಂ ಇರಲಿಲ್ಲ. ಅವರ ಸೊಸೆ ಕರೆದರು, ನಾನೇ ಹೋಗಿ ತುಂಡು ತುಂಡಾಗಿ ಕತ್ತರಿಸಿ ತೆಗೆದೆ. ಕೊಂಬೆ ಅವರು ಹೇಳಿದಲ್ಲೇ ನಿಂತಿದೆ. ನನಗೆ ಅದಕ್ಕಿಂತ ಹೆಚ್ಚು ನೆನಪಾಗುವುದು ಆ ಭಾನುವಾರ ನಾವಿಬ್ಬರೂ ತಾರಸಿಯಿಂದ ಇಳಿದದ್ದು. ಅದೇ ನಮ್ಮ ಕೊನೆಯ ಭೇಟಿ. ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ. ನಾನು ಕೈ ಚಾಚಲು ಹೆದರಿ ಹಿಂದೆ ನಿಂತಿದ್ದೆ. ಅವರೇ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಮೊದಲ ಮೆಟ್ಟಿಲಿಗೆ ಕಾಲಿಟ್ಟು ಹೇಳಿದರು:

"ಹುಷಾರು ಕಣೋ. ಬೀಳ್ತೀಯ ಅಂತಲೇ ಹಿಡ್ಕೊಂಡಿದೀನಿ."